ಎರ್ಲಿಂದಾಳ ಕೈಗುಣ

ಎರ್ಲಿಂದಾ ಸೆಸೆನ್ಯಾ ತೀರಿಕೊಂಡು ಹದಿನಾಲ್ಕು ದಿನವಾಯಿತು. ಅರವತ್ತೆಂಟು ವರ್ಷ. ಮಧ್ಯಾಹ್ನ ಊಟ ಮಾಡಿ ಬಲೆಯ ತೂಗುಮಂಚದಲ್ಲಿ ಮಲಗಿದವಳು ಏಳಲಿಲ್ಲ. ಹೃದಯ ನಿಂತಿತು ಎಂದರು. ಅವಳ ಹೆಸರಿನ ಜೊತೆ ಊರಿನಲ್ಲಿ ಒಂದು ಮಾತು ಉಳಿದುಕೊಂಡಿದೆ: ಕೊನೆಗಾಲಕ್ಕೆ ಅವಳ ಕೈಗುಣ ಕೆಟ್ಟಿತ್ತು ಎಂದು. ಆ ಮಾತು ಸುಳ್ಳು. ಸುಳ್ಳೆಂಬುದು ಮೂರು ವರ್ಷದಿಂದ ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಎಲ್ ಅಲ್ಮೆಂದ್ರಾಲ್. ಗ್ವಾಟೆಮಾಲದ ಪೆಸಿಫಿಕ್ ಕಡಲಿಗೂ ಅದರ ಬೆನ್ನಿಗೇ ಹರಿಯುವ ಕಾಲುವೆಗೂ ನಡುವೆ ಇರುವ ಕರಿಮರಳಿನ ಪಟ್ಟಿ. ನಾನು ಬೆಟ್ಟದ ಸೀಮೆಯಿಂದ ಮೇಷ್ಟ್ರಾಗಿ ಬಂದವನು, ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಎರ್ಲಿಂದಾ ಇಲ್ಲಿಯೇ ಹುಟ್ಟಿದವಳು, ಸೂಲಗಿತ್ತಿಯ ಮಗಳು. ಹದಿನಾರಕ್ಕೆ ತಾಯಿಯ ಜೊತೆ ಹೆರಿಗೆಗೆ ಹೋಗಲು ಶುರುಮಾಡಿದಳಂತೆ. ಇಲ್ಲಿ ಐವತ್ತರೊಳಗಿನ ಮುಕ್ಕಾಲು ಪಾಲು ಜನ ಭೂಮಿಗೆ ಬಂದು ಮೊದಲು ತಾಗಿದ್ದು ಅವಳ ಅಂಗೈಗೆ. ಬಸುರಿಯ ಹೊಟ್ಟೆಗೆ ಎಣ್ಣೆ ಹಚ್ಚಿ, ಕಣ್ಣು ಮುಚ್ಚಿ, ಎರಡೂ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಹೇಳುತ್ತಿದ್ದಳು: ತಲೆ ಇಲ್ಲಿ, ಬೆನ್ನು ಇಲ್ಲಿ, ಕಾಲು ಮಡಚಿಕೊಂಡಿದೆ. ಸರಿಯಾಗಿ ಮಲಗಿರದ ಮಗುವನ್ನು ಹೊರಗಿನಿಂದಲೇ ಒತ್ತಿ, ಸವರಿ, ಸರಿದಾರಿಗೆ ತರುತ್ತಿದ್ದಳು. ನನ್ನ ಮಗಳನ್ನೂ ಹಾಗೆಯೇ ತಂದಳು. ಆಮೇಲೆ ಅವಳಿಗೆ ಜ್ಞಾನಸ್ನಾನದ ತಾಯಿಯಾದಳು. ಅಂದಿನಿಂದ ನಾವು ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ, ಅಂದರೆ ಮಗುವಿನ ಮೂಲಕ ನೆಂಟರು. ಆದರೂ ಅವಳು ನನ್ನನ್ನು ಕರೆಯುತ್ತಿದ್ದದ್ದು ಮೇಷ್ಟ್ರೇ ಎಂದೇ. ಊರಿನವರೆಲ್ಲ ಅವಳನ್ನು ಗೌರವದಿಂದ ದೊನ್ಯಾ ಲಿಂದಾ ಎನ್ನುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ದಂಡೆಗೆ ಪಾರ್ಲಾಮಾ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆ ತೆಗೆದು ಮಾರುವುದು ಇಲ್ಲಿಯವರ ಹಳೆಯ ಕಸುಬು. ಅದಕ್ಕೊಂದು ಕಟ್ಟಳೆಯಿದೆ. ಸಿಕ್ಕ ಪ್ರತಿ ಗೂಡಿನ ಐದರಲ್ಲೊಂದು ಪಾಲನ್ನು ಊರಿನ ಬೇಲಿಗೆ ಒಪ್ಪಿಸಬೇಕು. ಒಪ್ಪಿಸಿದ ಚೀಟಿ ಇದ್ದರೆ ಮಾತ್ರ ಉಳಿದದ್ದನ್ನು ಮಾರಬಹುದು. ಬೇಲಿಯೆಂದರೆ ದಂಡೆಯ ಮೇಲೆ ಬಿದಿರು ಕಟ್ಟಿ, ತೆಂಗಿನ ಗರಿಯ ನೆರಳು ಹಾಕಿದ ಜಾಗ. ಅಲ್ಲಿ ಮೊಟ್ಟೆಗಳನ್ನು ಮತ್ತೆ ಹೂತು, ಐವತ್ತು ದಿನ ಕಾದು, ಮರಿಗಳನ್ನು ಕಡಲಿಗೆ ಬಿಡುವುದು. ಬೇಲಿಯ ಕೀಲಿ ಯಾರ ಕೈಯಲ್ಲಿರಬೇಕು ಎಂದು ಸಮಿತಿ ಕೂತಾಗ ಚರ್ಚೆಯೇ ಆಗಲಿಲ್ಲ. ಸಮಿತಿಯ ಅಧ್ಯಕ್ಷ ಒಬ್ದೂಲಿಯೊ, ಅವನೂ ಮೊಟ್ಟೆ ತೆಗೆಯುವವನೇ, ಎದ್ದು ನಿಂತು ಹೇಳಿದ: "ಮರಿ ಹೊರಗೆ ತರೋ ಕೆಲಸ ತಾನೆ? ದೊನ್ಯಾ ಲಿಂದಾ ಇರುವಾಗ ಇನ್ಯಾರು? ನಮ್ಮನ್ನೆಲ್ಲ ತಂದ ಕೈ ಅದು."

ಅವಳ ಕೈಗುಣ ನಂಬಿ ಕೊಟ್ಟರು. ಇದನ್ನು ನೆನಪಿಡಬೇಕು.

ಅವಳಿಗೆ ಓದು ಅಷ್ಟಾಗಿ ಬಾರದು. ಹಾಗಾಗಿ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂತು. ಪ್ರತಿ ಗುಂಡಿಗೂ ಒಂದು ಗೂಟ, ಗೂಟದ ಮೇಲೆ ನನ್ನ ಕೈಬರಹದಲ್ಲಿ ಸಂಖ್ಯೆ, ಹೂತ ದಿನ. ಒಂದೇ ದಿನ ಬಂದ ಪಾಲುಗಳನ್ನೆಲ್ಲ ಸೇರಿಸಿ, ಒಂದು ಗುಂಡಿಗೆ ತೊಂಬತ್ತರ ಹತ್ತಿರ ಮೊಟ್ಟೆ. ಹೂತ ಮೇಲೆ ಮುಟ್ಟಬೇಡಿ ಎಂದಷ್ಟೇ ನನಗೆ ಹೇಳಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಪುಸ್ತಕ ಓದಿದವನು ನಾನು. ಕೇಳಿ ತಿಳಿಯುವ ಅಭ್ಯಾಸ ಕಡಿಮೆ.

ಮೂರು ವರ್ಷದ ಹಿಂದಿನ ಸೆಪ್ಟೆಂಬರ್ ಹದಿನಾಲ್ಕು. ಮರುದಿನ ಸ್ವಾತಂತ್ರ್ಯದ ಹಬ್ಬ. ಶಾಲೆಯ ಮಕ್ಕಳು ಪಟ್ಟಣದಿಂದ ಪಂಜು ಹಿಡಿದು ಓಡಿಬರುವ ದಿನ, ಊರಿಗೆ ಊರೇ ಅವರ ಹಿಂದೆ ಹೋಗಿತ್ತು. ಎರ್ಲಿಂದಾ ಕಾಲುವೆಯಾಚೆ ಒಂದು ಹೆರಿಗೆಗೆ ಹೊರಟವಳು ಕೀಲಿಯನ್ನು ನನಗೆ ಕೊಟ್ಟು, "ನಾಯಿ ಬರದ ಹಾಗೆ ನೋಡ್ಕೊಳ್ಳಿ ಮೇಷ್ಟ್ರೇ, ಅಷ್ಟೇ ಕೆಲಸ. ಪುಸ್ತಕ ಓದ್ತಾ ಕೂತ್ರೆ ನಾಯಿನೂ ಬೇಜಾರಾಗಿ ಹೋಗುತ್ತೆ" ಎಂದಳು.

ಹುಣ್ಣಿಮೆಯ ಭರತ. ಮಧ್ಯಾಹ್ನ ಮೂರು ಗಂಟೆಗೆ ನೀರು ದಂಡೆ ಹತ್ತತೊಡಗಿತು. ಮೂರೂವರೆಗೆ ದಂಡೆಯ ಅಂಚು ಕುಸಿದು ಬೇಲಿಯ ಕೆಳಗಿನ ಗೂಟಗಳ ಕಡೆಗೆ ನೊರೆ ಬಂತು. ಕೆಳಗಿನ ಎರಡು ಸಾಲಿನಲ್ಲಿ ಹನ್ನೊಂದು ಗುಂಡಿಗಳಿದ್ದವು. ಉಪ್ಪುನೀರು ನುಗ್ಗಿದರೆ ಎಲ್ಲ ಹಾಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ. ಬಕೆಟ್ಟು, ಗೋಣಿ ತಂದು ಒಬ್ಬನೇ ಅಗೆದೆ. ಸಾವಿರ ಮೊಟ್ಟೆ. ಅವಳ ಮನೆಯ ಜಗುಲಿಗೆ ಹೊತ್ತು, ಹನ್ನೊಂದು ರಾಶಿ ಮಾಡಿ, ಒಂದೊಂದು ರಾಶಿಯ ಪಕ್ಕ ಅದರ ಗೂಟ ಇಟ್ಟೆ. ಮೊಟ್ಟೆಗಳ ಮೇಲೆ ಬಿಳಿ ಮಚ್ಚೆಗಳಿದ್ದವು, ಕೆಲವಕ್ಕೆ ಕಾಸಿನಷ್ಟು, ಕೆಲವಕ್ಕೆ ಅರ್ಧ ಮೊಟ್ಟೆಯಷ್ಟು. ಬೂಸ್ಟು ಹಿಡಿದಿದೆ ಎಂದುಕೊಂಡೆ. ಕರವಸ್ತ್ರದಿಂದ ಒರೆಸಿಯೂ ನೋಡಿದೆ. ಹೋಗಲಿಲ್ಲ.

ನೀರು ಬೇಲಿಗೆ ಒಂದು ಮಾರು ಇರುವಂತೆ ನಿಂತುಬಿಟ್ಟಿತು. ಅರ್ಧ ಗಂಟೆ ಅಲ್ಲೇ ಆಡಿ, ಹಿಂದೆ ಸರಿಯಿತು.

ಈಗ ನಾನು ಮಾಡಿದ್ದನ್ನು ಹೇಳಬೇಕು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಒಮ್ಮೆ ಕಡಲು ಊರಿಗೆ ನುಗ್ಗುತ್ತಿದೆ ಎಂದು ಶಾಲೆಯ ಗಂಟೆ ಬಾರಿಸಿ ಎಲ್ಲರನ್ನೂ ಓಡಿಸಿದ್ದೆ. ಅದು ದಿನದ ಭರತವಷ್ಟೇ. ಇಪ್ಪತ್ತಾರು ವರ್ಷವಾದರೂ ಒಬ್ದೂಲಿಯೊ ಅದನ್ನು ಬಿಟ್ಟಿರಲಿಲ್ಲ. "ಮೇಷ್ಟ್ರು ಬೆಟ್ಟದೋರು, ಬಟ್ಟಲಲ್ಲಿ ನೀರು ಕಂಡ್ರೂ ಪ್ಯಾಂಟು ಮಡಿಸ್ತಾರೆ" ಎನ್ನುತ್ತಿದ್ದ. ಇನ್ನೊಂದು ಕತೆ ಅವನ ಬಾಯಿಗೆ ಬೀಳುವುದು ನನಗೆ ಬೇಡವಾಗಿತ್ತು. ಮೊಟ್ಟೆಗಳನ್ನು ಅವವೇ ಗುಂಡಿಗಳಿಗೆ ಸುರಿದು, ಮರಳು ಮುಚ್ಚಿ, ಗೂಟಗಳನ್ನು ನೆಟ್ಟೆ. ಸಂಜೆ ಮಳೆ ಸುರಿದು ನನ್ನ ಹೆಜ್ಜೆಗಳನ್ನೂ ಅಳಿಸಿತು. ಬೆಳಿಗ್ಗೆ ಅವಳು ಬಂದು ಕೀಲಿ ತೆಗೆದುಕೊಂಡಳು. "ಗಂಡು ಮಗು. ನಿಮ್ಮ ಹಾಗೇ ಹಣೆ ಗಂಟು ಹಾಕ್ಕೊಂಡೇ ಬಂತು" ಎಂದು ನಕ್ಕಳು. ನಾನೂ ನಕ್ಕೆ.

ಮೂರು ದಿನ ಕಳೆದು ಒಬ್ದೂಲಿಯೊ ಸೈಕಲ್ಲಿನಲ್ಲಿ ಚೀಲ ಕಟ್ಟಿಕೊಂಡು ಬೇಲಿಗೆ ಬಂದ. ಅವಳು ಒಂದು ಮೊಟ್ಟೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು.

"ಯಾವತ್ತಿಂದೋ ಇದು?"

"ನಿನ್ನೆದು. ಮೊಟ್ಟೆ ತಾನೆ ದೊನ್ಯಾ ಲಿಂದಾ, ಮೀನಲ್ವಲ್ಲ ನಾರೋಕೆ."

"ನಿನ್ನೆ ತೆಗೆದು, ಇವತ್ತು ಸೈಕಲ್ ಮೇಲೆ ಕುಣಿಸ್ಕೊಂಡು ಬಂದಿದ್ದೀಯ. ಇವು ಸತ್ತಿವೆ. ಹೂಳೋಕೆ ನನ್ ಹತ್ರ ಯಾಕೆ ತಂದೆ, ಪಾದ್ರಿ ಹತ್ರ ಒಯ್ಯಿ."

"ಒಳಗೆ ಹೋಗಿ ನೋಡ್ಕೊಂಡು ಬಂದ್ರಾ?"

"ನಿನ್ನಮ್ಮನ ಹೊಟ್ಟೆಲಿ ನೀನು ಒದೀತಿದ್ದದ್ದನ್ನ ಒಳಗೆ ಹೋಗಿ ನೋಡಿದ್ನಾ? ಕೇಳು ಇಲ್ಲಿ. ಕೋಳಿ ತನ್ನ ಮೊಟ್ಟೆನ ದಿನಾ ಕೊಕ್ಕಲ್ಲಿ ತಿರುಗಿಸುತ್ತೆ. ತಿರುಗಿಸದಿದ್ರೆ ಪಿಳ್ಳೆ ಚಿಪ್ಪಿಗೆ ಅಂಟಿ ಸಾಯುತ್ತೆ. ಆಮೇದು ಅದಕ್ಕೆ ತಿರುಗಾಮುರುಗ. ಒಂದು ದಿನ ಆಗೋದ್ರೊಳಗೆ ಇದರ ಪಿಳ್ಳೆ ಮೇಲಕ್ಕೆ ಬಂದು ಚಿಪ್ಪಿಗೆ ಅಂಟ್ಕೊಳ್ಳುತ್ತೆ. ಅಲ್ಲಿಂದ್ಲೇ ಅದಕ್ಕೆ ಉಸಿರು. ಅದು ಅಂಟಿದ ಜಾಗ ಬೆಳ್ಳಗಾಗುತ್ತೆ, ಪಿಳ್ಳೆ ಬೆಳೆದ ಹಾಗೆ ಬಿಳುಪೂ ಬೆಳೆಯುತ್ತೆ. ಆಗ ಮಗುಚಿದ್ರೆ ಮುಗೀತು. ಕೋಳಿಗೆ ಕೋಳಿ ರೀತಿ, ಆಮೆಗೆ ಆಮೆ ರೀತಿ. ಅಕೋ ಕಾಲುವೆ ನೀರಲ್ಲಿ ನಿಂತಿರೋ ಆ ಕಾಂಡ್ಲಾ ಮರ ನೋಡು, ಅದು ಬೀಜನೇ ಉದುರಿಸೋದಿಲ್ಲ. ಕೊಂಬೇಲೇ ಮೊಳೆಸಿ, ಮೊಳದುದ್ದ ಬೆಳೆಸಿ, ಆಮೇಲೆ ನೀರಿಗೆ ಬಿಡುತ್ತೆ. ಎಲ್ಲಾ ಒಂದೇ ಥರ ಅಂದ್ಕೊಂಡ್ರೆ ನಿನ್ನಂಥೋರು ಕೊಲ್ಲೋದು."

ನಾನು ನೆರಳಲ್ಲಿ ಕೂತು ಚೀಟಿ ಬರೆಯುತ್ತಿದ್ದೆ. ಪೆನ್ನು ಅಲ್ಲೇ ನಿಂತಿತು.

"ಎಷ್ಟು ದಿನ ಮಗುಚಬಾರದು?" ಎಂದು ಕೇಳಿದೆ.

"ಇಪ್ಪತ್ತು ಇಪ್ಪತ್ತೈದು ದಿನ. ಆಮೇಲೆ ಪಿಳ್ಳೆ ಗಟ್ಟಿಯಾಗುತ್ತೆ, ಅಷ್ಟು ಸುಲಭಕ್ಕೆ ಸಾಯಲ್ಲ. ಯಾಕೆ ಮೇಷ್ಟ್ರೇ, ನೀವೂ ಕಾವು ಕೂರ್ತೀರಾ?"

ಒಬ್ದೂಲಿಯೊ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮನೆಗೆ ಹೋಗಿ ಹಳೆಯ ಜೀವಶಾಸ್ತ್ರದ ಪುಸ್ತಕ ತೆರೆದೆ. ಅವಳು ಹೇಳಿದ್ದೇ ಅಲ್ಲಿಯೂ ಇತ್ತು, ಅವಳಷ್ಟು ಸ್ಪಷ್ಟವಾಗಿ ಅಲ್ಲ. ಪಟ್ಟಿ ತೆಗೆದು ಲೆಕ್ಕ ಹಾಕಿದೆ. ಹನ್ನೊಂದು ಗುಂಡಿಗಳಲ್ಲಿ ಮೂರು ಆಗಸ್ಟ್ ಮೊದಲ ವಾರದವು. ನಾನು ಅಗೆದ ದಿನ ಅವಕ್ಕೆ ನಲವತ್ತು ದಿನವಾಗಿತ್ತು. ಉಳಿದ ಎಂಟು ಗುಂಡಿಗಳು ಐದು ದಿನದಿಂದ ಇಪ್ಪತ್ತು ದಿನದೊಳಗಿನವು.

ಆಗಲೇ ಹೇಳಬಹುದಿತ್ತು. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಅವಳು ಆ ಎಂಟು ಗುಂಡಿಗಳ ಮೇಲಿನ ಕಸ ಆರಿಸುತ್ತಿದ್ದಳು. ಬಿಸಿಲು ಹೆಚ್ಚಾಯಿತೆಂದು ಗರಿ ಸರಿಪಡಿಸಿ, ಮರಳಿಗೆ ಅಂಗೈ ಇಟ್ಟು ಕಾವು ನೋಡಿದಳು. "ಚೆನ್ನಾಗಿ ಮಲಗಿವೆ" ಎಂದಳು. ನಾನು ಚೀಟಿಗಳನ್ನು ಎಣಿಸುತ್ತ ಕೂತೆ.

ಸೆಪ್ಟೆಂಬರ್ ಕೊನೆಗೆ ಮೂರು ಹಳೆಯ ಗುಂಡಿಗಳೂ ಒಡೆದವು. ಒಂದರಲ್ಲಿ ಎಪ್ಪತ್ತೆಂಟು ಮರಿ, ಇನ್ನೊಂದರಲ್ಲಿ ಎಂಬತ್ತೊಂದು. ಅವು ಮರಳು ತಳ್ಳಿಕೊಂಡು ಮೇಲೆ ಬರುವುದನ್ನು ನೋಡುತ್ತ ನಾನು ಹುಚ್ಚನಂತೆ ಎಣಿಸುತ್ತಿದ್ದೆ. ಹಳೆಯವು ಉಳಿಯುತ್ತವೆಂದು ಅವಳೇ ಹೇಳಿದ್ದನ್ನು ಮರೆತವನಂತೆ, ಮುದುಕಿ ಹೆಚ್ಚು ಹೇಳಿರಬೇಕು, ಪುಸ್ತಕವೂ ಹೆಚ್ಚು ಹೇಳಿರಬೇಕು ಎಂದು ಎರಡು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅಕ್ಟೋಬರ್ ಹದಿನಾಲ್ಕಕ್ಕೆ ಎಂಟರಲ್ಲಿ ಮೊದಲನೆಯದು ಒಡೆಯಬೇಕಿತ್ತು. ಒಡೆಯಲಿಲ್ಲ. ಹದಿನೇಳು, ಹತ್ತೊಂಬತ್ತು. ಮೇಲಿನ ಸಾಲುಗಳಲ್ಲಿ ಅದೇ ವಾರ ಹೂತ ಗುಂಡಿಗಳು ಕುದಿಯುವ ಗಂಜಿಯಂತೆ ಉಕ್ಕಿ ಮರಿಗಳನ್ನು ಹೊರಹಾಕುತ್ತಿದ್ದವು. ಕೆಳಗಿನ ಎರಡು ಸಾಲಿನಲ್ಲಿ ಮರಳು ಚಪ್ಪಟೆಯಾಗಿಯೇ ಇತ್ತು. ಅವಳು ದಿನಾ ಅಲ್ಲಿ ಮೊಣಕಾಲೂರಿ, ಮರಳಿಗೆ ಕಿವಿ ಇಟ್ಟು ಕೇಳುತ್ತಿದ್ದಳು. ಊಟ ಕಡಿಮೆ ಮಾಡಿದಳು. "ಉಪ್ಪುನೀರು ಅಡಿಯಿಂದ ಬಂತೇನೋ" ಎಂದು ಒಂದು ದಿನ ಮರಳನ್ನು ನಾಲಿಗೆಗೆ ಹಾಕಿ ನೋಡಿದಳು. ಉಪ್ಪಿರಲಿಲ್ಲ.

ಸತ್ತವರ ಹಬ್ಬ ಕಳೆದ ಮರುದಿನ ನನ್ನನ್ನು ಕರೆದಳು. "ಪಟ್ಟಿ ತನ್ನಿ ಮೇಷ್ಟ್ರೇ. ತೆರೆದು ನೋಡೋಣ."

ಮೊದಲ ಗುಂಡಿಯ ಮರಳು ತೆಗೆದು, ಮೇಲಿನ ಮೊಟ್ಟೆಗಳು ಕಂಡೊಡನೆ ಅವಳ ಕೈ ನಿಂತಿತು. ಅಲುಗದ ಗುಂಡಿಯಲ್ಲಿ ಬಿಳಿ ಮಚ್ಚೆಗಳೆಲ್ಲ ಆಕಾಶ ನೋಡುತ್ತಿರಬೇಕು. ಇಲ್ಲಿ ಒಂದು ಕೆಳಗೆ, ಒಂದು ಪಕ್ಕಕ್ಕೆ, ಒಂದು ಇನ್ನೊಂದರ ಕಡೆಗೆ. ಒಂದೊಂದಾಗಿ ಎತ್ತಿ, ಉಗುರಿನಿಂದ ಸೀಳಿ, ಬಾಳೆಲೆಯ ಮೇಲೆ ಇಡುತ್ತ ಹೋದಳು. ಎಂಟು ಗುಂಡಿ, ಎಂಟು ಎಲೆ. ಬಹುಪಾಲು ಕೊಳೆತು ಏನೂ ತಿಳಿಯದಂತಾಗಿದ್ದವು. ಆದರೂ ಪ್ರತಿ ಗುಂಡಿಯಲ್ಲೂ ಒಂದೆರಡು ಉಳಿದಿದ್ದವು.

ಎಲೆಗಳನ್ನು ಅವಳು ಸಾಲಾಗಿ ಜೋಡಿಸಿದಳು. ಮೊದಲನೆಯದರಲ್ಲಿ ಬರಿಯ ಹಳದಿ, ಅದರ ಮೇಲೆ ಉಂಗುರದಷ್ಟು ಕಪ್ಪುಗಟ್ಟಿದ ರಕ್ತದ ಎಳೆ. ಮುಂದಿನದರಲ್ಲಿ ಬಾಗಿದ ಹುಳುವಿನಂಥದ್ದು, ತಲೆಯೇ ದೊಡ್ಡದು. ಆಮೇಲೆ ಎರಡು ಕರಿ ಕಣ್ಣು ಬಂದಿದ್ದವು. ಮೈಗಿಂತ ಮೊದಲು ಕಣ್ಣು ತುಂಬಿಕೊಳ್ಳುತ್ತದೆ. ಅದರಾಚೆ ಮೈಪಕ್ಕದಲ್ಲಿ ನಾಲ್ಕು ಮೊಗ್ಗು. ಕೊನೆಯ ಎಲೆಯಲ್ಲಿ ಮೊಗ್ಗುಗಳು ದೋಣಿಯ ಹುಟ್ಟಿನಂತೆ ಅಗಲವಾಗಿ, ಬೆನ್ನಿನ ಮೇಲೆ ಚಿಪ್ಪಿನ ಅಂಚು ಮಡಿಕೆಯಾಗಿ ಎದ್ದಿತ್ತು. ಬಿಳಿ ಬಿಳಿ, ಇನ್ನೂ ಬಣ್ಣ ಬಂದಿರಲಿಲ್ಲ. ಏನೂ ಇಲ್ಲದ್ದರಿಂದ ಹಿಡಿದು ಆಮೆಯಾಗುವ ತನಕದ ದಾರಿ, ಅರ್ಧಕ್ಕೇ ನಿಂತದ್ದು.

"ಈ ಗುಂಡಿ ಹೂತದ್ದು ಯಾವತ್ತು?" ಕೊನೆಯ ಎಲೆ ತೋರಿಸಿ ಕೇಳಿದಳು.

"ಆಗಸ್ಟ್ ಇಪ್ಪತ್ತೈದು."

"ಇದು ಇಪ್ಪತ್ತು ದಿನದ್ದು. ಇದು?"

"ಸೆಪ್ಟೆಂಬರ್ ಎರಡು."

"ಹನ್ನೆರಡು ದಿನದ್ದು. ಈ ಚಿಕ್ಕದು?"

"ಒಂಬತ್ತು."

"ಐದು." ಬೆರಳು ಮಡಿಸಿ ಎಣಿಸಿದಳು. ಬಸುರಿಯರ ತಿಂಗಳು ಎಣಿಸಿ ಪಳಗಿದ ಬೆರಳು. "ಬೇರೆ ಬೇರೆ ದಿನ ಹೂತದ್ದು. ಎಲ್ಲಾ ಒಂದೇ ದಿನ ಸತ್ತಿವೆ. ಪಂಜಿನ ದಿನ."

ಅವಳು ಎಲೆಗಳಿಂದ ತಲೆಯೆತ್ತಿದಳು.

"ಅವತ್ತು ನೀವೇ ಇದ್ರಲ್ವಾ ಮೇಷ್ಟ್ರೇ ಇಲ್ಲಿ?"

"ಇದ್ದೆ."

"ಬೇರೆ ಯಾರಾದ್ರೂ ಬಂದಿದ್ರಾ?"

"ಇಲ್ಲ" ಎಂದೆ. ಅದು ನಿಜವೇ.

ಅವಳು ನನ್ನನ್ನು ತುಂಬ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುವಾಗಿನ ಕಾಯುವಿಕೆ. ನಾನು ಪಟ್ಟಿಯ ಹಾಳೆ ತಿರುವಿದೆ. ಆಮೇಲೆ ಅವಳು ಎಂಟು ಎಲೆಗಳನ್ನೂ ಮಡಿಚಿ, ಒಂದೇ ಗುಂಡಿ ತೋಡಿ, ಹೂತಳು.

ಭಾನುವಾರ ಸಮಿತಿ ಕೂತಿತು. ಮೂವತ್ತು ಜನ ಇದ್ದರು. ಒಬ್ದೂಲಿಯೊ ಅಂದು ನಗುತ್ತಿರಲಿಲ್ಲ.

"ಎಂಟು ಗುಂಡಿಲಿ ಒಂದೂ ಮರಿ ಇಲ್ಲ. ಜನ ಕೇಳ್ತಿದಾರೆ. ನಮ್ ಪಾಲು ಕೊಟ್ಟು ಕೊಟ್ಟು ಇದೇನಾ? ಏನಾಯ್ತು ದೊನ್ಯಾ ಲಿಂದಾ?"

"ಮೊಟ್ಟೆ ಮಗುಚಿವೆ."

"ಯಾರು ಮಗುಚಿದ್ದು?"

"ಕೀಲಿ ನಂದು. ಬೇಲಿ ನನ್ ಸುಪರ್ದಿಲಿತ್ತು. ನಂದೇ ಅಂತ ಬರ್ಕೊಳ್ಳಿ."

"ಅಂದ್ರೆ ನಿಮ್ ಕೈಯಿಂದ್ಲೇ..."

"ಬರ್ಕೊಳ್ಳಿ ಅಂದೆನಲ್ಲ."

ಬರೆದುಕೊಳ್ಳಬೇಕಾದವನು ನಾನು. ಬರೆದೆ. ನನ್ನ ಕೈಬರಹ ದುಂಡಗೆ, ಚೆನ್ನಾಗಿಯೇ ಇದೆ. ಆ ಹಾಳೆ ಇವತ್ತಿಗೂ ಸಮಿತಿಯ ಪುಸ್ತಕದಲ್ಲಿದೆ.

ಕೀಲಿ ಒಬ್ದೂಲಿಯೊನ ತಮ್ಮನಿಗೆ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ನಾನು ಬಹುಶಃ ಬದುಕಿಕೊಳ್ಳುತ್ತಿದ್ದೆ. ಆದರೆ ಕೈಗುಣ ನೋಡಿ ಕೊಟ್ಟ ಕೆಲಸ ಕೆಟ್ಟಾಗ ಜನ ಕೆಲಸವನ್ನು ದೂರಲಿಲ್ಲ, ಕೈಯನ್ನು ದೂರಿದರು. "ಏಳುನೂರು ಪಿಳ್ಳೆ ನುಂಗಿದ ಕೈ" ಎಂಬ ಮಾತು ಜೋಳದ ಗಿರಣಿಯ ಮುಂದಿನ ಹೆಂಗಸರ ಸಾಲಿನಲ್ಲಿ ಹುಟ್ಟಿತು. ಆ ಕೈ ಮತ್ತೆ ಬಸುರಿಯ ಹೊಟ್ಟೆ ಮುಟ್ಟುವುದು ಬೇಡ ಎಂದರು. ಮೊದಲ ವರ್ಷ ಇಬ್ಬರು ಅವಳನ್ನು ಕರೆದರು. ಎರಡನೆಯ ವರ್ಷ ಒಬ್ಬರೂ ಇಲ್ಲ. ಆಸ್ಪತ್ರೆಗೆ ಕಾಲುವೆಯ ದೋಣಿ, ಆಮೇಲೆ ಎರಡು ಬಸ್ಸು, ಎಲ್ಲ ಸೇರಿ ಮೂರು ಗಂಟೆ. ದೋಣಿಯಲ್ಲೇ ಹೆತ್ತವರುಂಟು. ಒಂದು ಮಗು ದೋಣಿಯಲ್ಲೇ ಹೋಯಿತು. ಅವಳು ಜಗುಲಿಯ ಮೇಲೆ ಕೂತಿರುತ್ತಿದ್ದಳು. ಬಸುರಿಯರು ಅವಳ ಮನೆ ಬಂದೊಡನೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಅವಳು ಅವರ ನಡಿಗೆ ನೋಡಿಯೇ ತಿಂಗಳು ಹೇಳುತ್ತಿದ್ದಳು, ನನಗೆ ಮಾತ್ರ ಕೇಳುವಂತೆ.

ನನ್ನ ಮನೆಗೆ ಬರುವುದನ್ನು ಬಿಡಲಿಲ್ಲ. ಸಂಜೆಯ ಕಾಫಿ, ಸಿಹಿ ಬ್ರೆಡ್ಡು, ಊರ ಸುದ್ದಿ. ಎರಡು ವರ್ಷ ಕಳೆದು ಅದೇ ದಿನ ಪಂಜಿನ ಮಕ್ಕಳು ಕೂಗುತ್ತ ನಮ್ಮ ಮುಂದೆ ಓಡಿಹೋದರು.

"ಎರಡು ವರ್ಷ ಆಯ್ತಲ್ವಾ ಮೇಷ್ಟ್ರೇ?" ಎಂದಳು.

"ಹ್ಞೂಂ."

ಅವಳು ಕಾಫಿಗೆ ಸಕ್ಕರೆ ಹಾಕಿ ಕಲಕಿದಳು. ಕರಗಿದ ಮೇಲೂ ಕಲಕುತ್ತಲೇ ಇದ್ದಳು.

"ಇವತ್ತು ಬ್ರೆಡ್ಡು ಗಟ್ಟಿಯಾಗಿದೆ" ಎಂದೆ.

"ಅದ್ಕೊಂಡು ತಿನ್ನಿ, ಮೆತ್ತಗಾಗುತ್ತೆ" ಎಂದು, ಕಾಫಿ ಮುಗಿಸದೆ ಎದ್ದು ಹೋದಳು. ಮರುದಿನ ಮತ್ತೆ ಬಂದಳು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಯಾಕೆ ನನ್ನ ಹೆಸರು ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿದ್ದಿದ್ದರೆ ಉಳಿದದ್ದನ್ನೂ ಹೇಳಿರುತ್ತಿದ್ದೆ.

ಅವಳು ತೀರಿಕೊಂಡ ಒಂಬತ್ತನೆಯ ದಿನದ ಜಪ ಅವಳ ಮನೆಯಲ್ಲೇ ಆಯಿತು. ಜಪ ಮುಗಿದು ಎಲೆಯಲ್ಲಿ ಬೇಯಿಸಿದ ತಮಾಲೆ, ಕಾಫಿ ಕೊಡುತ್ತಿದ್ದರು. ಒಬ್ದೂಲಿಯೊ ನಿಟ್ಟುಸಿರು ಬಿಟ್ಟು, "ಒಳ್ಳೇ ಹೆಂಗ್ಸು. ಕೊನೇಗೆ ಕೈ ಕೆಟ್ಟಿತು, ಏನ್ ಮಾಡೋದು" ಎಂದ.

ನಾನು ಎದ್ದು ನಿಂತೆ. ಭರತ, ಬಕೆಟ್ಟು, ಜಗುಲಿಯ ಹನ್ನೊಂದು ರಾಶಿ, ಎಲ್ಲವನ್ನೂ ಹೇಳಿದೆ. ಪಟ್ಟಿ ಜೇಬಿನಲ್ಲಿತ್ತು, ದಿನಾಂಕಗಳನ್ನು ಓದಿದೆ. ಯಾರೂ ಕೂಗಾಡಲಿಲ್ಲ. ಯಾರೂ ಬೈಯಲಿಲ್ಲ. ಒಬ್ದೂಲಿಯೊ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ.

"ಕೂತ್ಕೊಳ್ಳಿ ಮೇಷ್ಟ್ರೇ. ನೀವಿಬ್ರೂ ಎಷ್ಟು ಹತ್ರ ಅಂತ ಊರಿಗೇ ಗೊತ್ತು. ಸತ್ತೋಳ ಹೆಸರು ಉಳ್ಸೋಕೆ ನಿಮ್ ತಲೆ ಮೇಲೆ ಹಾಕ್ಕೊಳ್ತಿದೀರಿ. ಅದೂ ದೊಡ್ಡ ಮನಸ್ಸೇ ಬಿಡಿ."

"ಒಬ್ದೂಲಿಯೊ, ನಾನೇ ಅಗೆದದ್ದು."

"ಆಯ್ತು, ಆಯ್ತು. ಸ್ವಲ್ಪ ಕಾಫಿ ಕುಡೀರಿ."

ಹೆಂಗಸರು ನನ್ನತ್ತ ಮರುಕದಿಂದ ನೋಡಿದರು. ಅವಳು ತಾನೇ ಒಪ್ಪಿಕೊಂಡಿದ್ದಾಳೆ, ಪುಸ್ತಕದಲ್ಲಿ ಬರೆದಿದೆ, ಬರೆದವನು ನಾನೇ. ಮೂರು ವರ್ಷ ಹಳೆಯದಾದ ಸುಳ್ಳಿನ ಮುಂದೆ ಒಂಬತ್ತನೆಯ ದಿನ ಹೇಳಿದ ಸತ್ಯಕ್ಕೆ ಬೆಲೆಯೇನು?

ಬಾಗಿಲ ಬಳಿ ಒಬ್ಬಳು ನನ್ನ ಹಿಂದೆ ಬಂದಳು. ಡೆಲ್ಮಿ, ಕಾಲುವೆ ದೋಣಿಯವನ ಹೆಂಡತಿ, ಹತ್ತೊಂಬತ್ತು ವರ್ಷ, ಎಂಟು ತಿಂಗಳ ಬಸುರಿ.

"ನಿಜಾನಾ ಮೇಷ್ಟ್ರೇ?"

"ನಿಜ."

"ಹಾಗಾದ್ರೆ ಅವರ ಕೈ ಚೆನ್ನಾಗೇ ಇತ್ತಾ?"

"ಇತ್ತು. ಕೊನೇವರೆಗೂ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಹೋದ ತಿಂಗಳು ನಮ್ಮಮ್ಮ ಅವರ ಹತ್ರ ಹೋಗೋಣ ಅಂತ ಬಲವಂತ ಮಾಡಿದ್ಲು. ನಾನೇ ಬೇಡ ಅಂದೆ. ಹೆದರ್ಕೊಂಡೆ." ಅಂಗೈಯನ್ನು ಹೊಟ್ಟೆಯ ಬಲಬದಿಗೆ ಒತ್ತಿ ಹಿಡಿದಳು. "ತಲೆ ಇಲ್ಲಿದೆ. ಅಡ್ಡ ಮಲಗಿದೆ."

ಇದಾಗಿ ಐದು ದಿನ. ಇಂದು ಬೆಳಿಗ್ಗೆ ಅವಳ ತಾಯಿಯನ್ನು ಕೇಳಿದೆ. ತಲೆ ಇನ್ನೂ ಅಲ್ಲೇ ಇದೆ, ರಾತ್ರಿಯೆಲ್ಲ ಸೊಂಟ ನೋಯುತ್ತಿತ್ತು ಎಂದಳು. ನಾಳೆಯ ಮೊದಲ ದೋಣಿಗೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನಾನೂ ಹೋಗುತ್ತೇನೆ ಎಂದು ಹೇಳಿ ಬಂದಿದ್ದೇನೆ.